ಇಬ್ಬರಿಗೆಂದು ಮಾಡಿಸಿದ ಸ್ಪ್ರಿಂಗು

ನಮ್ಮ ಬೀದಿಯಲ್ಲಿ ಒಂದು ಜೀಪು ಓರೆಯಾಗಿ ಓಡಾಡುತ್ತದೆ. ಓರೆ ಎಂದರೆ ಮಗುಚಿ ಬೀಳುವಷ್ಟೇನೂ ಅಲ್ಲ. ಓಡಿಸುವವನು ಕೂರುವ ಕಡೆ ಎರಡು ಬೆರಳು ತಗ್ಗಿ, ಪಕ್ಕದ ಸೀಟಿನ ಕಡೆ ಅಷ್ಟೇ ಎದ್ದಿರುತ್ತದೆ. ಬೀದಿಗೆ ಹೊಸಬರಾದವರು ಕೈಯಾಡಿಸಿ ನಿಲ್ಲಿಸಿ, ಗಾಡಿ ಒಂದು ಕಡೆ ಕೂತಿದೆಯಲ್ಲ ಎಂದು ಹೇಳುತ್ತಾರೆ. ತಕ್ಕಡಿಯಣ್ಣ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಹಳಬರು ಯಾರೂ ಹೇಳುವುದಿಲ್ಲ. ಪುಕ್ಕಟೆ ಸಲಹೆ ಕೊಡುವುದರಲ್ಲಿ ನಮ್ಮ ಬೀದಿ ಯಾವ ಬೀದಿಗೂ ಬಿಟ್ಟುಕೊಟ್ಟದ್ದಲ್ಲ. ಅಂಥ ನಾವೇ ಬಾಯಿ ಮುಚ್ಚಿಕೊಂಡಿದ್ದೇವೆ ಎಂದರೆ ಕಾರಣವಿರಲೇಬೇಕು.

ತಕ್ಕಡಿಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ; ಮೂವತ್ತೊಂದು ವರ್ಷದ ನೌಕರಿ ಇಟ್ಟ ಹೆಸರು. ಸರಕು ಅಂಗಳದ ಬಾಗಿಲಲ್ಲಿ ಲಾರಿ ತೂಗುವ ಕಟ್ಟೆಯಿದೆ. ತುಂಬಿದ ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ. ಗಾಜಿನ ಕಿಟಕಿಯ ಹಿಂದೆ ಕೂತ ಅಣ್ಣ ತೂಕ ಬರೆದುಕೊಳ್ಳುತ್ತಾನೆ. ಸರಕು ಇಳಿಸಿದ ಮೇಲೆ ಖಾಲಿ ಲಾರಿ ಮತ್ತೆ ಬಂದು ನಿಲ್ಲುತ್ತದೆ, ಮತ್ತೆ ಬರೆದುಕೊಳ್ಳುತ್ತಾನೆ. ಎರಡರ ನಡುವಿನ ಅಂತರವೇ ಸರಕು. ಆ ಅಂತರವನ್ನು ಹಿಗ್ಗಿಸಲು ಲಾರಿಯವರು ಮಾಡದ ಕಸರತ್ತಿಲ್ಲ. ಬರುವಾಗ ನೀರಿನ ತೊಟ್ಟಿ ಭರ್ತಿ, ಹೋಗುವಾಗ ಖಾಲಿ. ಬರುವಾಗ ಸೀಟಿನಡಿ ಕಲ್ಲು, ಹೋಗುವಾಗ ಇಲ್ಲ. ಒಬ್ಬನಂತೂ ತನ್ನ ಇಬ್ಬರು ದಢೂತಿ ಭಾವಮೈದುನರನ್ನು ಮೂಟೆಗಳ ಹಿಂದೆ ಮಲಗಿಸಿ ತಂದಿದ್ದ. ಅಣ್ಣ ಮುಳ್ಳು ನೋಡುವ ಮೊದಲು ಟೈರು ನೋಡುವವನು. ನೆಲಕ್ಕೆ ತಾಗುವಲ್ಲಿ ಟೈರು ಎಷ್ಟು ಹೊಟ್ಟೆ ಬಿಟ್ಟಿದೆ ಎಂದು ಒಮ್ಮೆ ನೋಡಿ, ಕಾಗದದ ಮೇಲಿಂದ ತಲೆ ಎತ್ತದೆ, "ಹಿಂದೆ ಮಲಗಿರೋ ನೆಂಟರನ್ನ ಇಳಿಸಪ್ಪಾ, ಪಾಪ, ಸೆಕೆ" ಎಂದನಂತೆ.

ಈ ವಿದ್ಯೆ ಅವನ ತಲೆಗೆ ಸ್ವಲ್ಪ ಏರಿತ್ತು, ಸುಳ್ಳು ಯಾಕೆ ಹೇಳಲಿ. ದಾರಿಯಲ್ಲಿ ಎದುರಾದವರನ್ನು ಯೋಗಕ್ಷೇಮ ಕೇಳುವ ಬದಲು ಮೇಲಿಂದ ಕೆಳಗೆ ನೋಡಿ, "ಹೋದ ತಿಂಗಳಿಗಿಂತ ಒಂದೂವರೆ ಕಿಲೋ ಜಾಸ್ತಿ" ಎನ್ನುತ್ತಿದ್ದ. ಮದುವೆಯಾಗಬೇಕಾದ ಹೆಣ್ಣುಮಕ್ಕಳು ಅವನನ್ನು ಕಂಡರೆ ಓಣಿ ಬದಲಿಸುತ್ತಿದ್ದರು. ಮನುಷ್ಯರು ಹೇಳುವುದೆಲ್ಲ ಸುಳ್ಳಾಗಬಹುದು, ಭಾರ ಮಾತ್ರ ಸುಳ್ಳಾಡುವುದಿಲ್ಲ ಎಂಬುದು ಅವನ ವೇದವಾಕ್ಯ. ಅದನ್ನು ಅವನು ಹೇಳುವ ಗತ್ತು ನೋಡಿದರೆ ಭೂಮಿಗೆ ಸೆಳೆತವನ್ನು ಮಂಜೂರು ಮಾಡಿದವನೇ ಇವನೇನೋ ಅನ್ನಿಸಬೇಕು.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದರು. ಅಣ್ಣ ಐವತ್ತೆರಡು ಕಿಲೋ, ಒಣಗಲು ಹಾಕಿದ ಅಂಗಿಯ ಹಾಗೆ, ಅತ್ತಿಗೆ ಎಂಬತ್ತನಾಲ್ಕು. ಇಬ್ಬರೂ ಜೊತೆಯಾಗಿ ಹೊರಟರೆ ಬೀದಿಯವರು ನಗುವ ಮೊದಲೇ ಅತ್ತಿಗೆ ನಗುತ್ತಿದ್ದರು. "ಇವರು ನನ್ನ ಪಕ್ಕ ನಿಂತ್ರೆ ಜನ ನನ್ನ ಕೊಡೆ ಅನ್ಕೋತಾರೆ" ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ದಿನಾ ಸಂಜೆ ಅಣ್ಣ ಊಟದ ಮುಂದೆ ಕೂತು ಆ ದಿನ ಯಾವ ಲಾರಿಯವನು ಏನನ್ನು ಎಲ್ಲಿ ಬಚ್ಚಿಟ್ಟಿದ್ದ, ತಾನು ಹೇಗೆ ಹಿಡಿದೆ ಎಂದು ವಿವರವಾಗಿ ವರದಿ ಒಪ್ಪಿಸುವನು, ಅತ್ತಿಗೆ ಗುಂಡಿ ಹೊಲಿಯುತ್ತ ಕೇಳುವರು. ಇಪ್ಪತ್ತಾರು ವರ್ಷದ ಪಾಠ. ಅಂಥ ಶ್ರದ್ಧೆಯ ಶಿಷ್ಯೆ ಅವನಿಗೆ ಬೇರೆ ಸಿಕ್ಕಿರಲಿಲ್ಲ.

ಇನ್ನು ಜೀಪು. ಅದು ಬೆಟ್ಟ ಹತ್ತಲು, ಹೊಳೆ ದಾಟಲು ಹುಟ್ಟಿದ ಗಾಡಿ. ನಾಲ್ಕು ಚಕ್ರಕ್ಕೂ ಎಳೆತ, ಎದೆಯೆತ್ತರದ ಮೂತಿ. ಅದನ್ನು ಅಣ್ಣ ಓಡಿಸುತ್ತಿದ್ದದ್ದು ಮನೆಯಿಂದ ಸರಕು ಅಂಗಳಕ್ಕೆ, ಆರು ಕಿಲೋಮೀಟರು, ಟಾರು ರಸ್ತೆ, ಮೂರು ಸಿಗ್ನಲ್ಲು. ಹುಲಿ ಸಾಕಿ ಹಾಲು ತರಲು ಕಳಿಸಿದ ಹಾಗೆ.

ಅದು ಬೆಟ್ಟದ ಕಡೆ ಮುಖ ಮಾಡಿದ್ದು ಒಂದೇ ಸಲ, ಅವರ ಮದುವೆಯಾದ ಮೂರನೆಯ ತಿಂಗಳಲ್ಲಿ. ಊರಾಚೆ ಟಾರು ಮುಗಿದ ಮೇಲೆ ಹದಿನಾಲ್ಕು ಕಿಲೋಮೀಟರು ಬರೀ ಕಲ್ಲಿನ ದಾರಿ. ಅದರ ತುದಿಯಲ್ಲಿ, ಬೆಟ್ಟದ ನೆತ್ತಿಯ ಮೇಲೆ, ಒಂದು ಸರೋವರವಿದೆಯಂತೆ. ಅತ್ತಿಗೆಗೆ ಅದನ್ನು ನೋಡುವ ಆಸೆ. ಮೂರನೆಯ ಕಿಲೋಮೀಟರಿನಲ್ಲಿ ಸ್ಪ್ರಿಂಗಿನ ಪಟ್ಟಿ ಮುರಿಯಿತು. ಅತ್ತಿಗೆ ಸೀಟಿನಿಂದ ಹಾರಿ ಮತ್ತೆ ಅದೇ ಸೀಟಿಗೆ ಬಿದ್ದರು. ಇಬ್ಬರೂ ನಡೆದುಕೊಂಡು ಇಳಿದು ಬಂದರು. ಅವತ್ತು ಅತ್ತಿಗೆಯ ಬೆನ್ನಿನಲ್ಲಿ ಹಿಡಿದ ನೋವು ಆಮೇಲೆ ಬಿಡಲೇ ಇಲ್ಲ. ಸಣ್ಣ ಕುಲುಕಾಟಕ್ಕೂ ಹಲ್ಲು ಕಚ್ಚುವರು. ಅಣ್ಣ ಅವತ್ತೇ ಮಾತು ಕೊಟ್ಟನಂತೆ, ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ, ಒಂದೇ ಒಂದು ಕಲ್ಲೂ ನಿನಗೆ ಗೊತ್ತಾಗದ ಹಾಗೆ ಹೋಗುತ್ತೇನೆ ಎಂದು.

ಆ ಇನ್ನೊಂದು ಸಲಕ್ಕೆ ತಯಾರಿ ಇಪ್ಪತ್ತಾರು ವರ್ಷ ನಡೆಯಿತು.

ಯೋಜನೆ ಮೂರು ದಪ್ಪ ನೋಟ್‌ಬುಕ್ಕುಗಳಲ್ಲಿತ್ತು. ಭಾನುವಾರ ಬೆಳಿಗ್ಗೆ ಅಣ್ಣ ನನ್ನನ್ನು ಜೀಪಿನ ಚಪ್ಪರದಡಿ ಕೂರಿಸಿಕೊಂಡು ಅದನ್ನು ಓದುತ್ತಿದ್ದ. ಮೆತ್ತಗಿನ, ಎತ್ತರದ ಸ್ಪ್ರಿಂಗು ಹಾಕಬೇಕು. ಸ್ಪ್ರಿಂಗು ಎತ್ತರಿಸಿದರೆ ದೊಡ್ಡ ಚಕ್ರ ಹಾಕಬಹುದು. ದೊಡ್ಡ ಚಕ್ರ ಹಾಕಿದರೆ ಎಂಜಿನ್ನಿಗೆ ಎಳೆಯಲಾಗದು, ಆದ್ದರಿಂದ ಅಚ್ಚಿನೊಳಗಿನ ಹಲ್ಲುಗಾಲಿ ಬದಲಿಸಬೇಕು. ಅದು ಬದಲಾದರೆ ಬ್ರೇಕು ಸಾಲದು. ಬ್ರೇಕು ಬಲವಾದರೆ ಸ್ಟಿಯರಿಂಗಿನ ಕೋಲು ತಡೆಯದು. ಇಷ್ಟೆಲ್ಲ ಆದ ಮೇಲೂ ಸೋಮವಾರ ಬೆಳಿಗ್ಗೆ ಗಾಡಿ ಅಂಗಳದ ಕಮಾನಿನಡಿ ನುಸುಳಬೇಕು, ಮೂರು ಸಿಗ್ನಲ್ಲಿನಲ್ಲಿ ಮರ್ಯಾದೆಯಾಗಿ ನಿಲ್ಲಬೇಕು, ಅತ್ತಿಗೆಗೆ ಹತ್ತಲು ಬರಬೇಕು. ಹಾಗಾಗಿ ಎರಡು ಮೆಟ್ಟಿಲಿನ ಒಂದು ಮಡಿಸುವ ಏಣಿ. ಆ ಏಣಿ ಎಲ್ಲಿ ಮಡಿಯಬೇಕು ಎಂಬುದಕ್ಕೇ ಏಳು ಪುಟ. ಒಂದು ಎಳೆದರೆ ಹತ್ತು ಬರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದದ್ದಾಯಿತು, ಈಗ ಕುಲಾವಿ ಇಡುವ ಪೆಟ್ಟಿಗೆಗೆ ಬೀಗ ಮಾಡಿಸುತ್ತಿದ್ದೀಯಲ್ಲ ಎಂದು ನಾನು ಕಿಚಾಯಿಸಿದರೆ ಅಣ್ಣ ನನ್ನತ್ತ ಮರುಕದಿಂದ ನೋಡುತ್ತಿದ್ದ. ತಿಳಿಯದವರ ಮಾತಿಗೆ ತಿಳಿದವರು ಕೊಡುವ ನೋಟ ಅದು.

ಇಡೀ ಯೋಜನೆಯ ನಡುವೆ ಏನೇನೋ ಬಂದು ಹೋಯಿತು. ಅಣ್ಣನ ತಾಯಿ ಎರಡು ವರ್ಷ ಹಾಸಿಗೆ ಹಿಡಿದರು. ಕಟ್ಟೆಗೆ ಹೊಸ ಯಂತ್ರ ಬಂತು, ಅದನ್ನು ಕಲಿಯಬೇಕಾಯಿತು. ಯಾವುದು ಬಂದರೂ ಅಣ್ಣ ಪ್ರಯಾಣವನ್ನು ಮುಂದಕ್ಕೆ ಹಾಕಿ, ಆ ಬಿಡುವಿನಲ್ಲಿ ನೋಟ್‌ಬುಕ್ಕಿಗೆ ಇನ್ನಷ್ಟು ಪುಟ ಸೇರಿಸುತ್ತಿದ್ದ. ಅವನಿಗೆ ಅದು ಸೋಲು ಅನ್ನಿಸುತ್ತಿರಲಿಲ್ಲ. ಯೋಜನೆ ಇನ್ನಷ್ಟು ಪಕ್ವವಾಯಿತು ಅನ್ನಿಸುತ್ತಿತ್ತು.

ಅಣ್ಣನ ನಿವೃತ್ತಿಗೆ ನಾಲ್ಕು ತಿಂಗಳಿದೆ ಎನ್ನುವಾಗ, ಒಂದು ಭಾನುವಾರ, ಅತ್ತಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದುಕೊಂಡು ಚಪ್ಪರಕ್ಕೆ ಬಂದರು. ನೋಟ್‌ಬುಕ್ಕು ಇಸಿದುಕೊಂಡು, ಬಟ್ಟೆ ಕತ್ತರಿಸುವವರ ಕೈಯಲ್ಲಿ, ಪುಟದ ಮೇಲೆ ಪುಟಕ್ಕೆ ಅಡ್ಡಗೆರೆ ಎಳೆದರು.

"ಸ್ಪ್ರಿಂಗು, ಚಕ್ರ, ಬ್ರೇಕು, ಏಣಿ. ಮಿಕ್ಕಿದ್ದೆಲ್ಲ ಮುಂದಿನ ಜನ್ಮಕ್ಕೆ" ಎಂದರು. "ನೀವು ಕೆಲಸ ಬಿಟ್ಟ ಮಾರನೇ ದಿನ ಹೊರಡೋದು."

ಅಣ್ಣ ಹಲ್ಲುಗಾಲಿಯ ಪರವಾಗಿ ಏನೋ ವಾದ ಹೂಡಿದ. ಅತ್ತಿಗೆ ಕೇಳಲಿಲ್ಲ. ಇಪ್ಪತ್ತಾರು ವರ್ಷ ಸುಮ್ಮನಿದ್ದವರು ಈಗ ಯಾಕೆ ಅವಸರ ಮಾಡುತ್ತಿದ್ದಾರೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೆಂಗಸರಿಗೆ ಬುದ್ಧಿ ತಡವಾಗಿಯಾದರೂ ಬರುತ್ತದೆ ಎಂದು ನಾನೊಂದು ಹಾಸ್ಯ ಮಾಡಿದ್ದು ನೆನಪಿದೆ. ನೆನಪಿರದಿದ್ದರೆ ಚೆನ್ನಾಗಿತ್ತು.

ಆ ದಿನಗಳಲ್ಲೇ ಚಪ್ಪರದಿಂದ ಒಂದು ಡಬ್ಬ ಕಾಣೆಯಾಯಿತು. ಜೀಪಿನಿಂದ ಬಿಚ್ಚಿ ತೆಗೆದ ಹಳೆಯ ಬೋಲ್ಟು, ನಟ್ಟು, ಸ್ಪ್ರಿಂಗಿನ ಗೂಟಗಳನ್ನೆಲ್ಲ ಅಣ್ಣ ಅದರಲ್ಲಿ ಇಟ್ಟಿದ್ದ. ಎಸೆದರೆ ಎಂದಾದರೂ ಬೇಕಾದೀತು ಎಂಬ ಜಾತಿಯವನು. ಅಣ್ಣ ಬೀದಿಯನ್ನೆಲ್ಲ ಜಾಲಾಡಿದ. ಗುಜರಿಯವನ ಮೇಲೆ ಅನುಮಾನ ಬಂದು ಅವನೊಂದಿಗೆ ಮಾತು ಬಿಟ್ಟ. ನಮ್ಮ ಮನೆ ಮುಂದೆ ನಿಂತು, ಪ್ರಾಮಾಣಿಕತೆ ಎಂಬುದು ಈ ಬೀದಿಯಿಂದ ಹೇಗೆ ಹೊರಟು ಹೋಗುತ್ತಿದೆ ಎಂದು ಅರ್ಧ ಗಂಟೆ ಭಾಷಣ ಮಾಡಿದ. ಅತ್ತಿಗೆ ಕಿಟಕಿಯ ಒಳಗೆ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದರು.

ಸ್ಪ್ರಿಂಗು ಮಾಡುವವನು ಊರಿನ ಇನ್ನೊಂದು ತುದಿಯಲ್ಲಿದ್ದ, ವಯಸ್ಸಾದ ಕಮ್ಮಾರ. ಅವನು ಒಂದೇ ಮಾತು ಹೇಳಿದ್ದ. ಮೆತ್ತಗಿನ ಸ್ಪ್ರಿಂಗು ಬೇಕಾದರೆ ಭಾರ ಸರಿಯಾಗಿ ಗೊತ್ತಿರಬೇಕು. ಗಟ್ಟಿ ಸ್ಪ್ರಿಂಗು ನೂರು ತಪ್ಪು ಮುಚ್ಚುತ್ತದೆ. ಮೆತ್ತಗಿನದು ಒಂದು ಹಿಡಿ ಹೆಚ್ಚುಕಮ್ಮಿಯಾದರೂ ಆಡಿ ತೋರಿಸುತ್ತದೆ. ಗಾಡಿಯಲ್ಲಿ ಯಾವ ಮೂಲೆಯಲ್ಲಿ ಎಷ್ಟು ಭಾರ ಕೂರುತ್ತದೆ ಎಂದು ಬರೆದು ತನ್ನಿ.

ಮೀನಿಗೆ ಈಜು ಬರುತ್ತದಾ ಎಂದು ಕೇಳಿದಂತಾಯಿತು. ಅಣ್ಣ ಎಲ್ಲವನ್ನೂ ತೂಗಿದ. ನೀರಿನ ಡಬ್ಬ, ಗುಡಾರ, ಜಾಕು, ಚಹದ ಪಾತ್ರೆ, ಅತ್ತಿಗೆ ಎಲ್ಲಿ ಹೋದರೂ ಬಿಡದ ಕತ್ತರಿ. ಕೊನೆಗೆ ಮನುಷ್ಯರು. ಅಂಗಳದ ಆಫೀಸಿನಲ್ಲಿ ಪಾರ್ಸೆಲ್ ತೂಗುವ ಸಣ್ಣ ಹಲಗೆಯಿತ್ತು. ಒಂದು ಶನಿವಾರ ಮಧ್ಯಾಹ್ನ ಅತ್ತಿಗೆ ಅಲ್ಲಿಗೆ ಬಂದರು, ಸಡಿಲವಾದ ಉದ್ದ ನಿಲುವಂಗಿ ತೊಟ್ಟುಕೊಂಡು. ಕೆಲಸವಿಲ್ಲದ ನಾನೂ ಜೊತೆಗೆ ಹೋಗಿದ್ದೆ. ಮೊದಲು ಅಣ್ಣ ನಿಂತ: ಐವತ್ತೆರಡು. ತಮಾಷೆಗೆ ನನ್ನನ್ನೂ ನಿಲ್ಲಿಸಿದರು: ಎಂಬತ್ತನಾಲ್ಕು. ಆಮೇಲೆ ಅತ್ತಿಗೆ, ನಿಧಾನವಾಗಿ, ಗೋಡೆ ಹಿಡಿದುಕೊಂಡು ಹಲಗೆಯ ಮೇಲೆ ಹೆಜ್ಜೆ ಇಟ್ಟರು. ಮುಳ್ಳು ತೂಗಾಡಿ ನಿಂತಿತು. ಎಂಬತ್ತನಾಲ್ಕು.

"ನೋಡಿ, ಇಬ್ಬರದೂ ಒಂದೇ" ಎಂದರು ಅತ್ತಿಗೆ. "ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಮೋಸ ಮಾಡ್ತಿದೀವಿ."

ಎಲ್ಲರಿಗಿಂತ ಹೆಚ್ಚು ನಕ್ಕವನು ಅಣ್ಣ. ನಗುತ್ತಲೇ ಬರೆದುಕೊಂಡ.

ಅವರ ಮುಖ ಬಾಡಿದ್ದನ್ನು ನಾನು ಕಾಣಲಿಲ್ಲ ಎಂದಲ್ಲ. ವಾಪಸು ಬರುವಾಗ ಕೇಳಿಯೂ ಕೇಳಿದೆ. ಇನ್ನು ಮೂರು ತಿಂಗಳಿಗೆ ಗಂಡ ಇಡೀ ದಿನ ಮನೆಯಲ್ಲೇ ಇರುತ್ತಾರೆ, ಅದನ್ನು ನೆನೆದರೆ ಯಾವ ಹೆಂಗಸಿನ ಮುಖ ಬಾಡುವುದಿಲ್ಲ ಎಂದರು. ಮಾತು ಚೆನ್ನಾಗಿತ್ತು, ನಾನು ಅದನ್ನು ನಾಲ್ಕು ಮನೆಯಲ್ಲಿ ಹೇಳಿ ನಗಿಸಿದೆ.

ಅಣ್ಣ ನಿವೃತ್ತನಾದ. ಹಾರ, ಭಾಷಣ, ಒಂದು ಗೋಡೆ ಗಡಿಯಾರ. ಆ ವಾರವೇ ಹೊರಡಬೇಕಿತ್ತು, ಆದರೆ ಸ್ಪ್ರಿಂಗು ಬರುವುದು ಹದಿನೈದು ದಿನ ತಡವಾಯಿತು. ಬಂದ ಮೇಲೆ ಗ್ಯಾರೇಜಿನಲ್ಲಿ ಹಾಕಿಸಿಕೊಂಡು, ದೊಡ್ಡ ಚಕ್ರಗಳ ಮೇಲೆ ಜೀಪು ಮನೆಗೆ ಬಂತು. ಬೀದಿಯೆಲ್ಲ ಸೇರಿತು. ಅಣ್ಣ ಲೆಕ್ಕದ ಪ್ರಕಾರ ಎಲ್ಲ ಸಾಮಾನನ್ನೂ ಅದರದರ ಜಾಗದಲ್ಲಿ ತುಂಬಿದ. ತಾನು ಕೂರಬೇಕಾದ ಸೀಟಿನಲ್ಲಿ ತನ್ನ ತೂಕದಷ್ಟೇ ಮರಳು ಚೀಲ ಇಟ್ಟ, ಹೊರಗೆ ನಿಂತು ನೋಡಬೇಕಲ್ಲ. ಅತ್ತಿಗೆ ಹೊಸ ಏಣಿ ಹತ್ತಿ ತಮ್ಮ ಸೀಟಿನಲ್ಲಿ ಕೂತರು. ಅಣ್ಣ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ.

ಜೀಪು ಸಮವಾಗಿ ನಿಂತಿರಲಿಲ್ಲ. ಅತ್ತಿಗೆಯ ಕಡೆ ಒಂದು ಕಿರುಬೆರಳಿನಷ್ಟು ಎದ್ದಿತ್ತು.

ನಮಗ್ಯಾರಿಗೂ ಕಾಣಲೇ ಇಲ್ಲ. ಅಣ್ಣ ಟೇಪು ಹಿಡಿದು ತೋರಿಸಿದ. ಅವನ ಸಿಟ್ಟು ನೆತ್ತಿಗೇರಿತು. ಅಳತೆ ತಪ್ಪಿದ ಕಮ್ಮಾರ, ಹಾಳಾದ ಕಾಲ, ಕೆಲಸದಲ್ಲಿ ನಿಷ್ಠೆಯಿಲ್ಲದ ಪ್ರಪಂಚ ಎಂದೆಲ್ಲ ಹೇಳುತ್ತ, ಮಾರನೆಯ ದಿನವೇ ಆ ಕಡೆಯ ಸ್ಪ್ರಿಂಗು ಬಿಚ್ಚಿಸಿಕೊಂಡು, ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು, ಬಾಡಿಗೆ ಗಾಡಿಯಲ್ಲಿ ಕಮ್ಮಾರನ ಹತ್ತಿರ ಹೋದ. ಮುದುಕ ಎಲ್ಲ ಬೈಗುಳವನ್ನೂ ಬೀಡಿ ಸೇದಿ ಮುಗಿಸುವವರೆಗೆ ಕೇಳಿದ. ಎದ್ದು ಸ್ಪ್ರಿಂಗನ್ನು ಒತ್ತುಯಂತ್ರದ ಕೆಳಗಿಟ್ಟ. ಬರೆದುಕೊಟ್ಟ ಭಾರವನ್ನು ಹೇರಿದ. ಸ್ಪ್ರಿಂಗು ಬರೆದುಕೊಟ್ಟ ಗೆರೆಗೆ ಬಂದು ನಿಂತಿತು, ಒಂದು ಕೂದಲೂ ಆಚೀಚೆಯಿಲ್ಲದೆ.

"ನೀವು ಹೇಳಿದ ಭಾರಕ್ಕೆ ಮಾಡಿದೀನಿ" ಎಂದ. "ಆ ಭಾರ ತಂದು ಕೂರಿಸಿ. ಆಮೇಲೆ ಬೈರಿ."

ಅಣ್ಣ ಸ್ಪ್ರಿಂಗು ಎತ್ತಿಕೊಂಡು ಗಾಡಿ ಹತ್ತಿದ. ದಾರಿಯುದ್ದಕ್ಕೂ ಬೆರಳು ಮಡಿಸುತ್ತಿದ್ದ, ಏನನ್ನೋ ಕಳೆಯುತ್ತಿರುವ ಹಾಗೆ. ಸಾಮಾನೆಲ್ಲ ತೂಗಿದ್ದು. ಮರಳು ತೂಗಿದ್ದು. ಸ್ಪ್ರಿಂಗು ಸರಿ. ಉಳಿದದ್ದು ಒಂದೇ.

ಸ್ಪ್ರಿಂಗನ್ನು ಮತ್ತೆ ಹಾಕಿಸಿಕೊಂಡು ಬಂದು, ಸಾಮಾನು, ಮರಳು ಎಲ್ಲ ಮೊದಲಿನ ಹಾಗೇ ಇಟ್ಟು, ಅತ್ತಿಗೆಗೆ ಮತ್ತೊಮ್ಮೆ ಹತ್ತಿ ಕೂರು ಎಂದ. ಕೂತರು. ಅಣ್ಣ ಟೇಪು ತೆಗೆಯಲಿಲ್ಲ. ಅವರ ಕಡೆಯ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮೂವತ್ತೊಂದು ವರ್ಷ ಲಾರಿಗಳನ್ನು ನೋಡಿದ ಹಾಗೆ, ಟೈರಿನ ಹೊಟ್ಟೆಯನ್ನು ನೋಡಿದ. ಬಹಳ ಹೊತ್ತು ನೋಡಿದ.

"ಅರವತ್ತೈದು" ಎಂದ, ಟೈರಿಗೆ ಹೇಳಿದಂತೆ. ಆಮೇಲೆ ತಲೆ ಎತ್ತಿ, "ಉಳಿದಿದ್ದು ಎಲ್ಲಿ?"

ಅತ್ತಿಗೆ ಇಳಿದರು. ಒಳಗೆ ಹೋಗಿ ಹೊಲಿಗೆ ಯಂತ್ರದ ಖಾನೆಯಿಂದ ಏನನ್ನೋ ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಜೀಪಿನ ಮೂತಿಯ ಮೇಲೆ ಇಟ್ಟರು. ದಪ್ಪ ಬಟ್ಟೆಯ ಅಗಲ ಸೊಂಟಪಟ್ಟಿ. ಸಾಲಾಗಿ ಸಣ್ಣ ಸಣ್ಣ ಚೀಲ ಹೊಲಿದು, ಒಂದೊಂದರ ಬಾಯನ್ನೂ ಒತ್ತೊತ್ತಾಗಿ ಮುಚ್ಚಿದ್ದರು. ಅಣ್ಣ ಒಂದರ ಹೊಲಿಗೆ ಬಿಚ್ಚಿದ. ಹಳೆಯ ಸ್ಪ್ರಿಂಗಿನ ಗೂಟ ಕೈಗೆ ಬಂತು. ಇನ್ನೊಂದು ಬಿಚ್ಚಿದ. ಬೋಲ್ಟು.

"ಹತ್ತು ಕಿಲೋ" ಎಂದರು ಅತ್ತಿಗೆ. "ಅವತ್ತು ಎಪ್ಪತ್ತನಾಲ್ಕಿದ್ದೆ. ಆಮೇಲೆ ಇನ್ನೂ ಇಳೀತೂಂತ ಕಾಣತ್ತೆ."

ಹೊಟ್ಟೆಯಲ್ಲಿ ಗಡ್ಡೆ. ಒಬ್ಬರೇ ಡಾಕ್ಟರ ಹತ್ತಿರ ಹೋಗಿಬಂದು ಐದು ತಿಂಗಳಾಗಿತ್ತು. ತೊಡುವ ಬಟ್ಟೆಗಳನ್ನೆಲ್ಲ ಮಧ್ಯಾಹ್ನದ ಹೊತ್ತು ಬಿಚ್ಚಿ, ಒಳಗೆ ಹತ್ತಿಯ ಪದರ ಕೊಟ್ಟು ಮತ್ತೆ ಹೊಲಿದುಕೊಂಡಿದ್ದರು. ಆಸ್ಪತ್ರೆ ಸೇರಿದರೆ ತಿಂಗಳುಗಟ್ಟಲೆ, ವಾಪಸು ಬರುವ ಖಾತರಿಯಿಲ್ಲ ಎಂದಿದ್ದರಂತೆ ಡಾಕ್ಟರು. ಹಾಗಾದರೆ ಮೊದಲು ಸರೋವರ, ಆಮೇಲೆ ಆಸ್ಪತ್ರೆ ಎಂದು ಅತ್ತಿಗೆ ಲೆಕ್ಕ ಹಾಕಿದ್ದರು. ಗಂಡನಿಗೆ ಹೇಳಿದರೆ ಪ್ರಯಾಣ ಮುಂದಕ್ಕೆ ಹೋಗುತ್ತದೆ, ನೋಟ್‌ಬುಕ್ಕು ನಾಲ್ಕಾಗುತ್ತದೆ. ಆ ಒಂದು ವಿಷಯದಲ್ಲಿ ಅವನನ್ನು ಅವರಷ್ಟು ಸರಿಯಾಗಿ ತೂಗಿದವರಿಲ್ಲ.

ಅಣ್ಣ ಬೋಲ್ಟನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತಿದ್ದ. ಇಡೀ ದೇಶದ ಲಾರಿಯವರು ಸೇರಿ ದಾಟಿಸಲಾಗದ ಕಳ್ಳ ಭಾರವನ್ನು ಅವನ ಪಕ್ಕದಲ್ಲಿ ಉಂಡು ಮಲಗುವವರು ದಾಟಿಸಿದ್ದರು, ಅವನದೇ ಹಲಗೆಯ ಮೇಲೆ, ಅವನೇ ಕಲಿಸಿದ ವಿದ್ಯೆಯಿಂದ.

ಕೊನೆಗೆ ಅವನು ಹೇಳಿದ್ದು ಇಷ್ಟೇ: "ಗುಜರಿಯವನ ಹತ್ರ ಕ್ಷಮೆ ಕೇಳ್ಬೇಕು."

ಪ್ರಯಾಣ ನಿಂತಿತು. ಆಸ್ಪತ್ರೆ ಶುರುವಾಯಿತು. ಐದು ತಿಂಗಳ ಹಿಂದೆ ಬಂದಿದ್ದರೂ ಹೆಚ್ಚು ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎಂದು ಅಲ್ಲಿಯ ದೊಡ್ಡ ಡಾಕ್ಟರು ಅಣ್ಣನಿಗೆ ಹೇಳಿದರು. ಅದು ನಿಜದ ತೂಕವೋ, ಸಮಾಧಾನಕ್ಕೆ ಸೀಟಿನಡಿ ಇಟ್ಟ ಕಲ್ಲೋ ಎಂದು ಅಣ್ಣ ನನ್ನನ್ನು ಎಷ್ಟೋ ಸಲ ಕೇಳಿದ್ದಾನೆ. ನನಗೆ ಆ ವಿದ್ಯೆ ಬರುವುದಿಲ್ಲ.

ಒಳಗೆ ಮಲಗಿಸಿಕೊಳ್ಳುವ ಹಂತ ಇನ್ನೂ ಬಂದಿರಲಿಲ್ಲ. ವಾರಕ್ಕೆ ಐದು ದಿನ ಕರೆದುಕೊಂಡು ಹೋಗಿ ಬರಬೇಕು. ನಾಲ್ಕು ಕಿಲೋಮೀಟರು. ಪೈಪು ಹಾಕಲು ಅಗೆದು ಮುಚ್ಚಿದ ಬೀದಿ, ಹನ್ನೊಂದು ಉಬ್ಬು, ಲೆಕ್ಕವಿಲ್ಲದಷ್ಟು ಗುಂಡಿ. ಕಲ್ಲಿನ ದಾರಿಗೆಂದು ಮಾಡಿಸಿದ ಸ್ಪ್ರಿಂಗು ಆ ಉಬ್ಬುಗಳನ್ನು ದಾಟಿಸಿತು. ಮೊದಲ ದಿನ ಹೋಗಿ ಬಂದು ಏಣಿ ಇಳಿಯುವಾಗ ಅತ್ತಿಗೆ, ಬೆನ್ನಿಗೆ ಏನೂ ಗೊತ್ತಾಗಲಿಲ್ಲ, ನಿದ್ದೆ ಬಂದ ಹಾಗಾಗಿತ್ತು ಎಂದರು. ಅಣ್ಣನ ಮುಖದಲ್ಲಿ ಒಂದು ಕ್ಷಣ ಹಳೆಯ ಗತ್ತು ಬಂದು ಹೋಯಿತು. ಬೀದಿಯವರೆಲ್ಲ ಅವತ್ತು ಆ ಗತ್ತನ್ನು ಕಂಡು ಸಂತೋಷಪಟ್ಟೆವು, ಹಿಂದೆಂದೂ ಹಾಗಾಗಿರಲಿಲ್ಲ.

ಆದರೆ ಅದೇ ಸ್ಪ್ರಿಂಗು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ದಿನಾ ಬೆಳಿಗ್ಗೆ ಅತ್ತಿಗೆಯನ್ನು ಕೂರಿಸಿ, ಬಾಗಿಲು ಹಾಕಿ, ಜೀಪಿನ ಮುಂದುಗಡೆಯಿಂದ ಸುತ್ತಿ ತನ್ನ ಕಡೆಗೆ ಬರುವಾಗ ಅಣ್ಣನ ಕಣ್ಣು ತನಗೆ ತಾನೇ ಚಕ್ರದ ಮೇಲೆ ಬೀಳುತ್ತಿತ್ತು. ಬೇರೆ ಗಂಡಂದಿರು ಡಾಕ್ಟರ ಮಾತಿಗೆ ಕಾಯುತ್ತಾರೆ. ಇವನಿಗೆ ಡಾಕ್ಟರು ಬೇಕಿರಲಿಲ್ಲ. ಅರವತ್ತೆರಡು. ಐವತ್ತೊಂಬತ್ತು. ಐವತ್ತೈದು. ನೋಡಬಾರದೆಂದು ಹಿಂದುಗಡೆಯಿಂದ ಸುತ್ತಿ ಬರಲು ಶುರುಮಾಡಿದ, ಹಿಂದೆಯೂ ಚಕ್ರವಿತ್ತು. ಕೊನೆಕೊನೆಗೆ ಬೀದಿಯವರಿಗೇ ಬರಿಗಣ್ಣಿಗೆ ಕಾಣುವಷ್ಟು ಓರೆಯಾಯಿತು. ಆಗಲೇ ನಾವು ಮಾತು ನಿಲ್ಲಿಸಿದ್ದು.

ಎಂಟನೆಯ ವಾರ ಚಿಕಿತ್ಸೆಗೆ ಸ್ವಲ್ಪ ಬಿಡುವು ಕೊಟ್ಟರು. ನಾನು ನೋಡಲು ಹೋಗಿದ್ದೆ. ಅತ್ತಿಗೆ ಮುಂದಿನ ಕೋಣೆಯಲ್ಲಿ ಯಂತ್ರದ ಪಕ್ಕ ಮಲಗಿದ್ದರು. ಈ ವಾರ ಸರೋವರಕ್ಕೆ ಹೋಗಿ ಬಂದುಬಿಡೋಣವೇ ಎಂದು ಕೇಳಿದರಂತೆ. ಅಣ್ಣ, ಜೀಪು ಈಗ ಆ ದಾರಿಗೆ ಆಗದು, ಓರೆಯಾದ ಗಾಡಿ ಕಲ್ಲಿನ ಮೇಲೆ ಇನ್ನಷ್ಟು ವಾಲಾಡುತ್ತದೆ, ಹೊಸ ಭಾರಕ್ಕೆ ಬೇರೆ ಸ್ಪ್ರಿಂಗು ಮಾಡಿಸಬೇಕು, ಹತ್ತು ದಿನ ಸಾಕು ಎಂದು ಹೇಳುತ್ತಿದ್ದ. ಅವನ ಕೈಯಲ್ಲಿ ನೋಟ್‌ಬುಕ್ಕಿತ್ತು. ಹೊಸ ನೋಟ್‌ಬುಕ್ಕು.

ಅತ್ತಿಗೆ ನನ್ನ ಕಡೆ ನೋಡಿ ನಕ್ಕರು. ಆಮೇಲೆ ಅವನಿಗೆ ಹೇಳಿದರು:

"ಸ್ಪ್ರಿಂಗ್ ಯಾಕೆ? ಆ ಪಟ್ಟಿ ಕೊಡಿ, ಕಟ್ಕೊಂಡು ಕೂರ್ತೀನಿ. ಸಮ ಆಗತ್ತೆ."

ತಮಾಷೆಗೆ ಹೇಳಿದರೋ, ನಿಜಕ್ಕೇ ಹೇಳಿದರೋ. ಅಣ್ಣ ನೋಟ್‌ಬುಕ್ಕಿನ ಪುಟ ತಿರುವಿದ. ಒಂದು ಸಲ ಹೂಂ ಎಂದಿದ್ದರೆ, ಮರಳು ಚೀಲವನ್ನೋ ಆ ಪಟ್ಟಿಯನ್ನೋ ಸೀಟಿನ ಪಕ್ಕ ಒಗೆದು ಮಾರನೆಯ ಬೆಳಿಗ್ಗೆ ಹೊರಟಿದ್ದರೆ, ಎಂದು ನಾನು ಯೋಚಿಸುವುದುಂಟು. ಆದರೆ ನಾನೂ ಅಲ್ಲಿ ಕೂತಿದ್ದೆ. ಮಾತು ಮಾರಿ ಬದುಕುವವನು, ಒಂದು ಮಾತು ಹೇಳಲಿಲ್ಲ. ಅಣ್ಣ ಸ್ಪ್ರಿಂಗಿನ ಹೊಸ ಲೆಕ್ಕ ಬರೆಯಲು ಕೂತ. ಐವತ್ತೊಂದು ಎಂದು ಬರೆದ. ಸ್ವಲ್ಪ ಹೊತ್ತು ನೋಡಿ ಅದನ್ನು ಹೊಡೆದುಹಾಕಿದ. ಸ್ಪ್ರಿಂಗು ಆಗಿ ಬರುವ ಹತ್ತು ದಿನದ ನಂತರ ಯಾವ ಸಂಖ್ಯೆ ಬರೆಯಬೇಕು ಎಂಬುದು ಅವನಿಗೆ ಹೊಳೆದಿರಬೇಕು. ನೋಟ್‌ಬುಕ್ಕು ಮುಚ್ಚಿ, ಪಟ್ಟಿ ತರಲೇ ಎಂದು ಕೇಳಲು ತಿರುಗಿದಾಗ ಅತ್ತಿಗೆ ನಿದ್ದೆ ಹೋಗಿದ್ದರು.

ಆ ಗುರುವಾರ ಅವರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಅಣ್ಣ ಒಬ್ಬನೇ ಜೀಪಿನಲ್ಲಿ ವಾಪಸು ಬಂದ. ಮೂರು ವಾರ ಹೋಗಿ ಬಂದು ಮಾಡಿದ. ಆಮೇಲೆ ಹೋಗಿ ಬರುವ ಕೆಲಸ ಮುಗಿಯಿತು.

ಈ ಸುದ್ದಿ ಕೇಳಿ ಕಮ್ಮಾರ ತಾನೇ ಹುಡುಕಿಕೊಂಡು ಬಂದ. ಓರೆ ಗಾಡಿ ಓಡಿಸಿದರೆ ಟೈರು ಒಂದೇ ಕಡೆ ಸವೆಯುತ್ತದೆ, ಒಬ್ಬನಿಗೆ ಸರಿಹೋಗುವ ಸ್ಪ್ರಿಂಗು ಮಾಡಿ ಹಾಕಿಕೊಡುತ್ತೇನೆ ಎಂದ. ಅಣ್ಣ ಬೇಡವೆಂದ. ಹಾಗಾದರೆ ಆ ಸೀಟಿನ ಮೇಲೆ ಮರಳು ಚೀಲವನ್ನಾದರೂ ಇಟ್ಟುಕೊಳ್ಳಿ ಎಂದ. ಅಣ್ಣ ಅದಕ್ಕೂ ತಲೆಯಲ್ಲಾಡಿಸಿದ. ಸುಳ್ಳು ಭಾರ ಹಾಕುವವರನ್ನು ಜೀವಮಾನವೆಲ್ಲ ಹಿಡಿದವನು ಮುಪ್ಪಿನಲ್ಲಿ ಅದನ್ನೇ ಮಾಡಲಾರೆ ಎಂದನಂತೆ. ಬೋಲ್ಟಿನ ಪಟ್ಟಿ ಚಪ್ಪರದ ಮೊಳೆಗೆ ನೇತುಬಿದ್ದಿದೆ. ಬಿಚ್ಚಿದ್ದ ಎರಡು ಚೀಲಗಳನ್ನು ಅವನೇ ಸೂಜಿ ದಾರ ಹಿಡಿದು ಹೊಲಿದಿದ್ದಾನೆ, ವಕ್ರವಕ್ರವಾಗಿ.

ಒಂದು ವರ್ಷ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅಣ್ಣ ನಮ್ಮ ಮನೆ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂಬತ್ತನಾಲ್ಕೇ ಇದೀಯಲ್ಲ?" ಎಂದ.

ಇದ್ದೇನೆ ಎಂದೆ. ಬಾ ಎಂದ.

ಸಾಮಾನೆಲ್ಲ ತುಂಬಿದ್ದ. ನೀರಿನ ಡಬ್ಬ, ಗುಡಾರ, ಚಹದ ಪಾತ್ರೆ, ಕತ್ತರಿಯೂ ಇತ್ತು. ನಾನು ಎರಡು ಮೆಟ್ಟಿಲಿನ ಏಣಿ ಹತ್ತಿ ಆ ಸೀಟಿನಲ್ಲಿ ಕೂತೆ. ಅವನು ತನ್ನ ಜಾಗಕ್ಕೆ ಹತ್ತಿದ. ಯಾರೋ ಮೆಲ್ಲಗೆ ಭುಜ ಒತ್ತಿ ಕೂರಿಸಿದ ಹಾಗೆ ಜೀಪು ನನ್ನ ಕಡೆ ಇಳಿದು ನಿಂತಿತು. ಎದುರು ಮನೆಯವರನ್ನು ಕರೆದು, ಟೇಪು ಕೊಟ್ಟು, ಎರಡೂ ಕಡೆ ಅಳೆದು ಹೇಳಿ ಎಂದ. ಅವರು ಅಳೆದರು. ಸಮ ಎಂದರು. ನನ್ನನ್ನು ಜೀವನದಲ್ಲಿ ಏನೇನೋ ಎಂದು ಹೊಗಳಿದ್ದಾರೆ, ಬೈದಿದ್ದಾರೆ. ಸರಿಯಾದ ತೂಕ ಎಂದು ಯಾರಾದರೂ ಕರೆದುಕೊಂಡು ಹೋದದ್ದು ಅದೊಂದೇ ಸಲ.

ಟಾರು ಮುಗಿಯಿತು. ಕಲ್ಲಿನ ದಾರಿ ಶುರುವಾಯಿತು. ಕಣ್ಣಿಗೆ ತೆಂಗಿನಕಾಯಿ ಗಾತ್ರದ ಕಲ್ಲುಗಳು ಕಾಣುತ್ತಿದ್ದವು. ಸೀಟಿನವರೆಗೆ ಅವು ಬರುತ್ತಲೇ ಇರಲಿಲ್ಲ. ದೋಣಿಯಲ್ಲಿ ಹೋದ ಹಾಗೆ ಹೋಗುತ್ತಿದ್ದೆವು. ಒಂದು, ಎರಡು ಕಿಲೋಮೀಟರು. ಹಿಂದೆ ಸ್ಪ್ರಿಂಗಿನ ಪಟ್ಟಿ ಮುರಿದಿದ್ದ ಮೂರನೆಯದರಲ್ಲಿ, ದಾರಿ ಒಂದು ಬಂಡೆಯನ್ನು ಬಳಸುವಲ್ಲಿ, ಅಣ್ಣ ನಿಲ್ಲಿಸಿದ. ಎಂಜಿನ್ನು ಆರಿಸಿದ.

"ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದ.

"ಇಲ್ಲಣ್ಣ" ಎಂದೆ. "ಒಂದು ಕಲ್ಲೂ ಗೊತ್ತಾಗ್ಲಿಲ್ಲ."

ಅವನು ತಲೆಯಾಡಿಸಿದ. ಸರೋವರಕ್ಕೆ ಇನ್ನೂ ಹನ್ನೊಂದು ಕಿಲೋಮೀಟರಿತ್ತು, ಹೊತ್ತೂ ಬೇಕಾದಷ್ಟಿತ್ತು. ಆಮೇಲೆ ಎಂಜಿನ್ನು ಹಚ್ಚಿ, ಹಿಂದೆ ಮುಂದೆ ಮಾಡಿ, ಜೀಪನ್ನು ಊರಿನ ಕಡೆ ತಿರುಗಿಸಿದ. ಮನೆ ಮುಂದೆ ನಾನು ಇಳಿದೆ. ನನ್ನ ಹಿಂದೆ ಜೀಪು ತನ್ನ ಓರೆಗೆ ಎದ್ದು ನಿಂತಿತು.

ನನ್ನ ಡಾಕ್ಟರು ಎರಡು ವರ್ಷದಿಂದ ಹತ್ತು ಕಿಲೋ ಇಳಿಸಬೇಕೆಂದು ಹೇಳುತ್ತಿದ್ದಾರೆ. ಹೆಂಡತಿ ದಿನಾ ಬೆಳಿಗ್ಗೆ ನಡಿಗೆಗೆ ಅಟ್ಟುತ್ತಾಳೆ; ಮೂಲೆಯ ಅಂಗಡಿಯವರೆಗೆ ಹೋಗಿ, ಬೆಂಚಿನ ಮೇಲೆ ಕೂತು, ಹೊತ್ತು ಕಳೆದು ವಾಪಸು ಬರುತ್ತೇನೆ. ನಾಲಿಗೆ ಚಪಲ, ಸೋಮಾರಿತನ ಎಂದು ಅವಳು ಬೈಯುತ್ತಾಳೆ. ಬೈಯಲಿ. ದಾರಿಯಲ್ಲಿ ಅಣ್ಣ ಎದುರಾದರೆ ಮೇಲಿಂದ ಕೆಳಗೆ ಒಂದು ಸಲ ನೋಡುತ್ತಾನೆ, ಏನೂ ಹೇಳುವುದಿಲ್ಲ. ಎಂಬತ್ತನಾಲ್ಕೇ ಇದ್ದೇನೆ.